ಮಿಂಚಂಚೆಯ ವಿಳಾಸ: ಪ್ರಕಟಣೆ ಮತ್ತು ಗೋಪನ

ವಿಳಾಸವೆಂಬುದು ಅನ್ಯರಿಗೆ ತಿಳಿಯಲೆಂದೇ ಇರತಕ್ಕ ವಸ್ತು. ಯಾರಿಗೂ ತಿಳಿಸದೆ ಬಚ್ಚಿಟ್ಟ ವಿಳಾಸಕ್ಕೆ ಪತ್ರವೂ ಬಾರದು, ಅದರಿಂದ ಪ್ರಯೋಜನವೂ ಇರದು. ಆದರೆ ತನ್ನ ಮಿಂಚಂಚೆಯ ವಿಳಾಸವನ್ನು ಅಂತರಜಾಲದಲ್ಲಿ ಒಮ್ಮೆ ಬಹಿರಂಗವಾಗಿ ಬರೆದಿಟ್ಟವನನ್ನು ಮಿತ್ರರ ಪತ್ರಗಳಿಗಿಂತ ಮೊದಲು ಬಂದು ಮುತ್ತುವುವು ಔಷಧ ಮಾರುವವರ, ಲಾಟರಿಯಲ್ಲಿ ಬಹುಮಾನ ಬಂದಿದೆಯೆನ್ನುವವರ, ದಿವಂಗತನಾದ ಯಾವನೋ ಪರದೇಶದ ಧನಿಕನ ಆಸ್ತಿಗೆ ಪಾಲುದಾರನನ್ನು ಅರಸುವವರ ಪತ್ರಗಳು. ಅವುಗಳ ನಡುವೆ, ತೆರೆದ ಮಾತ್ರಕ್ಕೆ ಗಣಕಯಂತ್ರವನ್ನೇ ವಶಮಾಡಿಕೊಳ್ಳುವ, ‘ವರ್ಮ್’ ಅಥವಾ ಹುಳುವೆಂದು ಹೆಸರಾದ ದುಷ್ಟ ತಂತ್ರಾಂಶಗಳೂ ಉಂಟು. ಲೇಖನದ ಕೊನೆಯಲ್ಲಿ ವಿಳಾಸ ಕೊಡಬೇಕಾದ ಬರಹಗಾರ, ಸಂಶೋಧನ ಪ್ರಬಂಧವನ್ನು ಪ್ರಕಟಿಸುವ ಅಧ್ಯಾಪಕ, ಗಿರಾಕಿಗಳ ಪತ್ರವನ್ನು ನಿರೀಕ್ಷಿಸುವ ಸಣ್ಣ ವ್ಯಾಪಾರಿ, ಜನರ ಅಹವಾಲನ್ನು ಸ್ವೀಕರಿಸಬೇಕಾದ ಸರ್ಕಾರಿ ಕಚೇರಿ, ಇವರೆಲ್ಲರ ಮುಂದಿರುವ ಪ್ರಶ್ನೆ ಒಂದೇ: ವಿಳಾಸವು ಮನುಷ್ಯನಿಗೆ ಕಾಣಬೇಕು, ಯಂತ್ರಕ್ಕೆ ಕಾಣಬಾರದು, ಇದು ಸಾಧ್ಯವೆ? ಈ ಪ್ರಶ್ನೆಗೆ ಕಳೆದ ಮೂವತ್ತು ವರ್ಷಗಳಲ್ಲಿ ಹಲವು ಬಗೆಯ ಉತ್ತರಗಳು ಬಂದಿವೆ. ಕೆಲವು ನಿರೀಕ್ಷೆಗೂ ಮೀರಿ ಫಲಿಸಿದುವು. ಕೆಲವು ಸಜ್ಜನರಿಗೇ ತೊಡಕಾದುವು. ಈ ನಡುವೆ ಪ್ರಶ್ನೆಯ ನೆಲೆಯೇ ಬೇರೊಂದು ಕಡೆಗೆ ಸರಿದಿದೆಯೆಂಬುದು ನನ್ನ ಅಭಿಪ್ರಾಯ.

ಉಪದ್ರವದ ಮೂಲ ನಾವು ಊಹಿಸುವುದಕ್ಕಿಂತ ಹಳೆಯದು. 1978ರ ಮೇ ತಿಂಗಳಿನಲ್ಲಿ, ಇಂದಿನ ಅಂತರಜಾಲಕ್ಕೆ ಪೂರ್ವಜವಾದ ಅರ್ಪಾನೆಟ್ ಎಂಬ ಜಾಲದಲ್ಲಿ, ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಗಣಕ ತಯಾರಿಕೆಯ ಸಂಸ್ಥೆಯ ಮಾರಾಟಗಾರನಾದ ಗ್ಯಾರಿ ಥ್ಯೂರ್ಕ್ ಎಂಬಾತನು ತಮ್ಮ ಹೊಸ ಯಂತ್ರದ ಪ್ರದರ್ಶನಕ್ಕೆ ಬರಬೇಕೆಂದು ಅಮೆರಿಕದ ಪಶ್ಚಿಮ ತೀರದ ಸುಮಾರು 400 ಮಂದಿಗೆ ಒಂದೇ ಪತ್ರವನ್ನು ಕಳುಹಿಸಿದನು. ಆ 400 ವಿಳಾಸಗಳು ಅವನಿಗೆ ದೊರೆತುದು ಯಾವ ಕಳ್ಳತನದಿಂದಲೂ ಅಲ್ಲ. ಜಾಲದ ಬಳಕೆದಾರರೆಲ್ಲರ ವಿಳಾಸಗಳನ್ನು ಅಚ್ಚುಹಾಕಿಸಿದ್ದ ಕೈಪಿಡಿಯೊಂದಿತ್ತು, ಅದರಿಂದ ಒಂದೊಂದಾಗಿ ನೋಡಿ ಕೈಯಿಂದ ಬೆರಳಚ್ಚು ಮಾಡಿಸಿದುದಷ್ಟೆ. ಆ ಕಾಲದ ಅಂಚೆ ತಂತ್ರಾಂಶದಲ್ಲಿ ವಿಳಾಸಗಳಿಗೆಂದು ಇದ್ದ ಸ್ಥಳ ಅಷ್ಟು ಹೆಸರುಗಳಿಗೆ ಸಾಲದೆ, ಮಿಕ್ಕವು ಪತ್ರದ ಒಡಲಿನೊಳಕ್ಕೇ ಹರಿದುಬಂದುವು. ಪತ್ರವನ್ನು ತೆರೆದವರಿಗೆ ಮೊದಲು ಕಂಡುದು ಜಾಹೀರಾತಲ್ಲ, ನೆರೆಹೊರೆಯವರ ವಿಳಾಸಗಳ ಉದ್ದವಾದ ಪಟ್ಟಿ. ಜಾಲದ ಮೇಲ್ವಿಚಾರಕರು ಕೋಪಗೊಂಡರು, ಯಂತ್ರಗಳೇನೋ ಮಾರಾಟವಾದುವು. ಮುಂದಿನ ಅರ್ಧ ಶತಮಾನದ ಕಥೆಯ ಸಾಮಗ್ರಿಯೆಲ್ಲ ಈ ಒಂದು ಪ್ರಸಂಗದಲ್ಲಿದೆ: ಸದುದ್ದೇಶದಿಂದ ಪ್ರಕಟವಾದ ಪಟ್ಟಿ, ಕಳುಹಿಸುವವನಿಗೆ ಬೀಳದ ವೆಚ್ಚ, ನೂರು ಮಂದಿಯ ಬೇಸರಕ್ಕೆ ಪ್ರತಿಯಾಗಿ ದೊರೆಯುವ ಒಬ್ಬ ಗಿರಾಕಿ.

1994ರಲ್ಲಿ ಅರಿಜೋನಾದ ಕ್ಯಾಂಟರ್ ಮತ್ತು ಸೀಗಲ್ ಎಂಬ ವಕೀಲ ದಂಪತಿಗಳು ಗ್ರೀನ್ ಕಾರ್ಡ್ ಲಾಟರಿಯ ಜಾಹೀರಾತನ್ನು ಯೂಸ್‌ನೆಟ್ ಎಂಬ ಜಾಲದ ಸಾವಿರಾರು ಚರ್ಚಾಕೂಟಗಳಲ್ಲಿ ಹರಡಿದಮೇಲೆ ಈ ಕಸುಬು ಒಂದು ವೃತ್ತಿಯ ಸ್ವರೂಪವನ್ನು ತಾಳಿತು. ಆ ಕೂಟಗಳಲ್ಲಿ ಒಂದು ಪ್ರಶ್ನೆ ಕೇಳಿದವನ ಪತ್ರದ ತಲೆಯಲ್ಲಿಯೇ ಅವನ ವಿಳಾಸ ಇರುತ್ತಿದ್ದುದರಿಂದ, ಇನ್ನು ಮೇಲೆ ಕೈಪಿಡಿಯಿಂದ ಬೆರಳಚ್ಚು ಮಾಡುವ ಶ್ರಮವೂ ಬೇಕಾಗಲಿಲ್ಲ. ಅದಕ್ಕೆಂದೇ ಹುಟ್ಟಿದುವು ‘ಹಾರ್ವೆಸ್ಟರ್’ ಎಂಬ, ವಿಳಾಸಗಳನ್ನು ಕೊಯ್ದುಕೊಳ್ಳುವ ತಂತ್ರಾಂಶಗಳು. ಇಂಥ ತಂತ್ರಾಂಶಕ್ಕೆ ಭಾಷೆಯೂ ತಿಳಿಯದು, ವಿಷಯವೂ ತಿಳಿಯದು. ಪುಟವೊಂದನ್ನು ತರಿಸಿಕೊಂಡು, ಅದರ ಅಕ್ಷರಗಳನ್ನು ಮೊದಲಿನಿಂದ ಕೊನೆಯವರೆಗೆ ಸೋಸುತ್ತಾ, @ ಎಂಬ ಚಿಹ್ನೆಯು ಎದುರಾದೊಡನೆ ನಿಂತು, ಎಡಗಡೆಗೆ ಬಿಡುವಿಲ್ಲದ ಅಕ್ಷರಗಳೂ ಬಲಗಡೆಗೆ ಒಂದಾದರೂ ಚುಕ್ಕೆಯುಳ್ಳ ಅಕ್ಷರಗಳೂ ಇವೆಯೆ ಎಂದು ನೋಡಿ, ಇದ್ದರೆ ಅಷ್ಟನ್ನು ಕತ್ತರಿಸಿಕೊಂಡು, ಆ ಪುಟದಲ್ಲಿರುವ ಕೊಂಡಿಗಳನ್ನು ಹಿಡಿದು ಮುಂದಿನ ಪುಟಕ್ಕೆ ಹೋಗುತ್ತದೆ. ಪುಟವು ವಚನಸಾಹಿತ್ಯವನ್ನು ಕುರಿತದ್ದೋ ಅಡಕೆಯ ಧಾರಣೆಯನ್ನು ಕುರಿತದ್ದೋ ಅದಕ್ಕೆ ಸಮಾನ.

ಇದು ಎಷ್ಟು ಶೀಘ್ರವಾಗಿ ನಡೆಯುತ್ತದೆಂಬುದನ್ನು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2002ರಲ್ಲಿ ಪರೀಕ್ಷಿಸಿ ನೋಡಿತು. ಯಾರೂ ಬಳಸದ 250 ಹೊಸ ವಿಳಾಸಗಳನ್ನು ಸೃಷ್ಟಿಸಿ ಅಂತರಜಾಲದ 175 ಸ್ಥಳಗಳಲ್ಲಿ ಬಿತ್ತಿದಾಗ, ಜಾಲಪುಟಗಳಲ್ಲಿಯೂ ಚರ್ಚಾಕೂಟಗಳಲ್ಲಿಯೂ ಇಟ್ಟವುಗಳಲ್ಲಿ ನೂರಕ್ಕೆ 86ಕ್ಕೆ ‘ಸ್ಪ್ಯಾಮ್’ ಎಂಬ ರದ್ದಿ ಅಂಚೆ ಬಂದಿತು. ಹರಟೆಯ ಕೊಠಡಿಯೊಂದರಲ್ಲಿ ಇಟ್ಟ ವಿಳಾಸಕ್ಕೆ ಹತ್ತು ನಿಮಿಷ ತುಂಬುವ ಮೊದಲೇ ಮೊದಲ ಪತ್ರ ಬಂದು ಬಿದ್ದಿತ್ತು. ಮರುವರ್ಷ ಸೆಂಟರ್ ಫಾರ್ ಡೆಮಾಕ್ರಸಿ ಅಂಡ್ ಟೆಕ್ನಾಲಜಿ ಎಂಬ ಸಂಸ್ಥೆಯು ಪ್ರಕಟಿಸಿದ ವರದಿಯು ಇದಕ್ಕಿಂತ ಬೋಧಪ್ರದವಾದುದು. ಆರು ತಿಂಗಳು ನಡೆದ ಅವರ ಪ್ರಯೋಗದಲ್ಲಿ ಬಂದ ರದ್ದಿ ಅಂಚೆಯಲ್ಲಿ ನೂರಕ್ಕೆ 97ಕ್ಕಿಂತ ಹೆಚ್ಚಿನ ಪಾಲು ಬಂದುದು ಜಾಲತಾಣಗಳಲ್ಲಿ ಬಹಿರಂಗವಾಗಿ ಬರೆದಿಟ್ಟ ವಿಳಾಸಗಳಿಗೇ. ಆದರೆ ಅದೇ ತಾಣಗಳಲ್ಲಿ @ ಚಿಹ್ನೆಯ ಬದಲು ‘ಅಟ್’ ಎಂದು, ಚುಕ್ಕೆಯ ಬದಲು ‘ಡಾಟ್’ ಎಂದು ಅಕ್ಷರಗಳಲ್ಲಿ ಬರೆದಿಟ್ಟ ವಿಳಾಸಗಳಿಗಾಗಲಿ, ಪುಟದ ಮೂಲ ಬರಹದಲ್ಲಿ ಅಕ್ಷರಕ್ಕೆ ಬದಲಾಗಿ ಅದರ ಸಂಕೇತಸಂಖ್ಯೆಯನ್ನು ಕೊಟ್ಟು ಮರೆಮಾಡಿದ ವಿಳಾಸಗಳಿಗಾಗಲಿ ಒಂದು ಪತ್ರವೂ ಬರಲಿಲ್ಲ.

ಇಷ್ಟು ಸುಲಭವಾದ ವೇಷಕ್ಕೆ ಯಂತ್ರವು ಏಕೆ ಮೋಸಹೋಗಬೇಕು? ‘ಅಟ್’ ಎಂಬುದನ್ನು ಚಿಹ್ನೆಯಾಗಿ ತಿದ್ದಿಕೊಳ್ಳುವಂತೆ ತಂತ್ರಾಂಶಕ್ಕೆ ಕಲಿಸುವುದು ಕಷ್ಟವಲ್ಲ, ಕಲಿಸಿದವರೂ ಇದ್ದಾರೆ, ನಂತರದ ಪ್ರಯೋಗಗಳಲ್ಲಿ ಇಂಥ ಮರೆಮಾಡಿದ ವಿಳಾಸಗಳಿಗೂ ಅಲ್ಪಸ್ವಲ್ಪ ಬಂದುದುಂಟು. ಆದರೂ ಈ ವೇಷವು ತನ್ನ ಯೋಗ್ಯತೆಗೆ ಮೀರಿ ಬಾಳಿದುದಕ್ಕೆ ಕಾರಣವನ್ನು ತಂತ್ರದಲ್ಲಲ್ಲ, ಅರ್ಥಶಾಸ್ತ್ರದಲ್ಲಿ ಹುಡುಕಬೇಕು. 2008ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಸಂಶೋಧಕರು, ಸ್ಟಾರ್ಮ್ ಎಂಬ ಸೋಂಕಿತ ಗಣಕಗಳ ಜಾಲದೊಳಕ್ಕೆ ನುಸುಳಿ, ಅದು ಕಳುಹಿಸುತ್ತಿದ್ದ ಔಷಧ ಜಾಹೀರಾತಿನ ಫಲವೆಷ್ಟೆಂದು ಎಣಿಸಿದರು. ಇಪ್ಪತ್ತಾರು ದಿನಗಳಲ್ಲಿ ಸುಮಾರು 35 ಕೋಟಿ ಪತ್ರಗಳು ಹೋದುವು. ಕೊಳ್ಳಲು ಮುಂದಾದವರು 28 ಮಂದಿ. ಕೋಟಿಗೊಬ್ಬ ಗಿರಾಕಿಯೂ ದೊರೆಯದ ಈ ವ್ಯಾಪಾರದಲ್ಲಿ, ತನ್ನ ವಿಳಾಸವನ್ನು ಮರೆಮಾಡುವಷ್ಟು ಎಚ್ಚರವುಳ್ಳ ಮನುಷ್ಯನನ್ನು ಬೆನ್ನಟ್ಟಿ ಹಿಡಿದರೂ ಅವನು ಆ ಗುಳಿಗೆಗಳನ್ನು ಕೊಳ್ಳುವವನಲ್ಲ. ಬೆತ್ತಲೆಯಾಗಿ ಬಿದ್ದಿರುವ ವಿಳಾಸಗಳೇ ಲೆಕ್ಕಕ್ಕೆ ಸಿಕ್ಕದಷ್ಟಿರುವಾಗ ಇವನಿಗಾಗಿ ಶ್ರಮಪಡುವುದೇಕೆ? ವಿಳಾಸದ ಮುಸುಕು ಕೋಟೆಯ ಕೆಲಸ ಮಾಡಲಿಲ್ಲ, ಕೊಯ್ಯುವವನ ಸೋಮಾರಿತನವನ್ನು ನಂಬಿ ನಿಂತಿತು. ಸೋಮಾರಿತನವು ನಂಬಿಕೆಗೆ ಯೋಗ್ಯವೆಂದು ತಿಳಿದುಬಂದಿತು.

ಬೇರೆ ಉಪಾಯಗಳನ್ನು ಸಂಕ್ಷೇಪವಾಗಿ ನೋಡಬಹುದು. ವಿಳಾಸದ ನಡುವೆ ‘ನೋಸ್ಪ್ಯಾಮ್’ ಎಂಬಂಥ ಪದವನ್ನು ಸೇರಿಸಿ, ಓದುಗನು ಅದನ್ನು ತೆಗೆದುಹಾಕಬೇಕೆಂದು ಅಪೇಕ್ಷಿಸುವುದು ಯೂಸ್‌ನೆಟ್ಟಿನ ಕಾಲದ ಪದ್ಧತಿ. ಹೀಗೆ ಕಲ್ಪಿಸಿದ ಸುಳ್ಳು ವಿಳಾಸವು ಯಾವನೋ ನಿರಪರಾಧಿಯ ನಿಜವಾದ ವಿಳಾಸವಾಗಿಬಿಡುವ ಅಪಾಯವಿರುವುದರಿಂದ, ಎಂದಿಗೂ ಯಾರಿಗೂ ಕೊಡದ ಕೆಲವು ಹೆಸರುಗಳನ್ನು 1999ರಲ್ಲಿ ಅಂತರಜಾಲದ ನಿಯಮಕಾರರು ಕಾದಿರಿಸಿದರು. ವಿಳಾಸವನ್ನು ಚಿತ್ರವಾಗಿ ಬರೆದು ಹಾಕುವುದು ಒಂದು ಕಾಲಕ್ಕೆ ಬಹು ಜನಪ್ರಿಯವಾಗಿತ್ತು. ಆದರೆ ಪರದೆಯನ್ನು ಓದಿ ಹೇಳುವ ತಂತ್ರಾಂಶವನ್ನು ಆಶ್ರಯಿಸಿದ ಅಂಧರಿಗೆ ಆ ಚಿತ್ರ ಮೂಕವಾಗಿರುತ್ತದೆ, ಚಿತ್ರದೊಳಗಿನ ಅಕ್ಷರಗಳನ್ನು ಗುರುತಿಸುವ ಶಕ್ತಿ ಈಗ ಯಂತ್ರಗಳಿಗೆ ಬಂದಿದೆ. ಎಂದರೆ, ಯಾರಿಗೆ ಕಾಣಬಾರದೋ ಅವರಿಗೆ ಕಂಡು, ಯಾರಿಗೆ ಕಾಣಬೇಕೋ ಅವರಲ್ಲಿ ಕೆಲವರಿಗೆ ಕಾಣದ ಉಪಾಯವಿದು. ಜಾವಾಸ್ಕ್ರಿಪ್ಟಿನ ಮೂಲಕ ಬ್ರೌಸರಿನೊಳಗೆ ಮಾತ್ರ ವಿಳಾಸವನ್ನು ಜೋಡಿಸುವ ಕ್ರಮವು ಇವುಗಳಲ್ಲಿ ಉತ್ತಮ. ಪುಟವನ್ನು ತರಿಸಿ ಅಕ್ಷರ ಸೋಸುವ ಸಾಮಾನ್ಯ ಹಾರ್ವೆಸ್ಟರಿಗೆ ಅಲ್ಲಿ ಏನೂ ಸಿಕ್ಕದು. ವಿಳಾಸವನ್ನೇ ಕೊಡದೆ, ತುಂಬಿ ಕಳುಹಿಸುವ ನಮೂನೆಯೊಂದನ್ನು ಮಾತ್ರ ಇಡುವುದು ಎಲ್ಲಕ್ಕಿಂತ ಭದ್ರ; ಆದರೆ ಬರೆದವನ ಬಳಿ ತಾನು ಬರೆದುದರ ಪ್ರತಿ ಉಳಿಯುವುದಿಲ್ಲವೆಂಬ ದೋಷ ಅದಕ್ಕುಂಟು.

ಇಲ್ಲಿ ನಮ್ಮ ಸರ್ಕಾರಿ ಜಾಲತಾಣಗಳ ಮಾತು ಬರಬೇಕು. ಭಾರತ ಸರ್ಕಾರದ ತಾಣಗಳಲ್ಲಿಯೂ ಕರ್ನಾಟಕದ ಹಲವು ಇಲಾಖೆಗಳ ಮತ್ತು ಜಿಲ್ಲೆಗಳ ತಾಣಗಳಲ್ಲಿಯೂ ಅಧಿಕಾರಿಗಳ ವಿಳಾಸಗಳನ್ನು ಚೌಕ ಕಂಸದೊಳಗೆ ‘ಅಟ್’, ಚೌಕ ಕಂಸದೊಳಗೆ ‘ಡಾಟ್’ ಎಂದು ಬರೆಯುವ ವಾಡಿಕೆಯನ್ನು ಎಲ್ಲರೂ ನೋಡಿದ್ದೇವೆ. ತಾಲ್ಲೂಕು ಕೇಂದ್ರವೊಂದರ ಜೆರಾಕ್ಸ್ ಅಂಗಡಿಯಲ್ಲಿ, ಪಿಂಚಣಿಯ ಬಾಕಿಗಾಗಿ ಅರ್ಜಿಯನ್ನು ಸ್ಕ್ಯಾನ್ ಮಾಡಿಸಿ ಕಳುಹಿಸಲು ಬಂದಿದ್ದ ನಿವೃತ್ತ ಉಪಾಧ್ಯಾಯರೊಬ್ಬರು ಅಂಥ ವಿಳಾಸವನ್ನು ಚೀಟಿಯಲ್ಲಿ ಅಂದವಾಗಿ, ಕಂಸಗಳ ಸಮೇತ, ಬರೆದುಕೊಂಡು ಬಂದಿದ್ದುದನ್ನು ನಾನು ನೋಡಿದೆ. ಅಂಗಡಿಯ ಹುಡುಗ ಇದ್ದುದನ್ನು ಇದ್ದಂತೆ ಟೈಪು ಮಾಡಿದ. ಗಣಕವು ವಿಳಾಸ ಸರಿಯಿಲ್ಲವೆಂದು ಕೆಂಪು ಅಕ್ಷರಗಳಲ್ಲಿ ತಿಳಿಸಿತು. “ಮೇಷ್ಟ್ರೇ, ಇದು ಹೋಗ್ತಾ ಇಲ್ಲ, ಅಡ್ರೆಸ್ಸೇ ತಪ್ಪು” ಎಂದ ಹುಡುಗನಿಗೆ ಅವರು, “ಸರ್ಕಾರದವರೇ ಹಾಗೆ ಬರೆದಿದ್ದಾರಲ್ಲಪ್ಪ, ಅದನ್ನ ನಾವು ತಿದ್ದಬಹುದೆ?” ಎಂದರು. ಪಕ್ಕದಲ್ಲಿದ್ದ ಮತ್ತೊಬ್ಬ ಗಿರಾಕಿ ಕಂಸಗಳನ್ನು ಅಳಿಸಿ ಚಿಹ್ನೆಗಳನ್ನು ಹಾಕಿಕೊಟ್ಟನೆಂಬುದು ಬೇರೆ ಮಾತು. ಖಾಸಗಿ ವ್ಯಕ್ತಿಯು ತನ್ನ ನೆಮ್ಮದಿಗಾಗಿ ವಿಳಾಸಕ್ಕೆ ಮುಸುಕು ಹಾಕಿದರೆ ಅದರ ಲಾಭನಷ್ಟಗಳೆರಡೂ ಅವನವೇ. ಜನರ ಪತ್ರವನ್ನು ಓದುವುದಕ್ಕೆಂದೇ ಸಿಬ್ಬಂದಿಯೂ ಸೋಸುವ ವ್ಯವಸ್ಥೆಯೂ ಇರುವ ಕಚೇರಿಯು ಅದೇ ಮುಸುಕನ್ನು ಧರಿಸಿದಾಗ, ರದ್ದಿ ಅಂಚೆಯನ್ನು ತಡೆಯುವ ಭಾರವನ್ನು ಗಣಕದ ಅಭ್ಯಾಸವಿಲ್ಲದ ಪ್ರಜೆಯ ಹೆಗಲಿಗೆ ದಾಟಿಸಿದಂತಾಗುತ್ತದೆ. ಕಚೇರಿಗಳು ಈ ವಾಡಿಕೆಯನ್ನು ಬಿಟ್ಟು ಒತ್ತಿದೊಡನೆ ತೆರೆದುಕೊಳ್ಳುವ ನೇರ ವಿಳಾಸವನ್ನು ಕೊಡತಕ್ಕದ್ದೆಂದು ನನ್ನ ದೃಢವಾದ ಮತ.

ಹುಳುಗಳ ವಿಚಾರಕ್ಕೆ ಬಂದರೆ ಗೋಪನದ ಸಮಸ್ಯೆ ಇನ್ನೊಂದು ಮಗ್ಗುಲನ್ನು ತೋರಿಸುತ್ತದೆ. 1999ರ ಮಾರ್ಚಿನಲ್ಲಿ ಹರಡಿದ ಮೆಲಿಸ್ಸಾ ಎಂಬುದು ಸೋಂಕಿದ ಗಣಕದ ವಿಳಾಸಪುಸ್ತಕದಲ್ಲಿನ ಮೊದಲ 50 ಮಂದಿಗೆ ತನ್ನ ಪ್ರತಿಯನ್ನು ಕಳುಹಿಸುತ್ತಿತ್ತು. 2000ದ ಮೇ 4ರಂದು ಮನಿಲಾ ನಗರದಿಂದ ಹೊರಟ ‘ಐ ಲವ್ ಯೂ’ ಎಂಬುದು ಪುಸ್ತಕದಲ್ಲಿದ್ದವರೆಲ್ಲರಿಗೂ ಕಳುಹಿಸಿತು. ಅದನ್ನು ರಚಿಸಿದ ಯುವಕನನ್ನು ದಂಡಿಸಲು ಫಿಲಿಪ್ಪೀನ್ಸಿನಲ್ಲಿ ಆಗ ತಕ್ಕ ಕಾನೂನೇ ಇಲ್ಲದಿದ್ದುದರಿಂದ ಮೊಕದ್ದಮೆ ಬಿದ್ದುಹೋಯಿತು. ಇವೆರಡೂ ಪರಿಚಿತರಿಂದ ಪರಿಚಿತರಿಗೆ ಹರಿದ ಪಿಡುಗುಗಳು. ಆದರೆ 2001ರ ಕ್ಲೆಜ್, 2003ರ ಸೋಬಿಗ್, 2004ರ ಜನವರಿಯ ಮೈಡೂಮ್, ಇವು ವಿಳಾಸಪುಸ್ತಕಕ್ಕೆ ತೃಪ್ತವಾಗದೆ ಗಣಕದ ಡಿಸ್ಕಿನಲ್ಲಿದ್ದ ಕಡತಗಳನ್ನೇ ಕೆದಕಿದುವು. ನಾವು ನೋಡಿದ ಜಾಲಪುಟಗಳ ಪ್ರತಿಯನ್ನು ಬ್ರೌಸರು ಡಿಸ್ಕಿನ ಒಂದು ಮೂಲೆಯಲ್ಲಿ ಸಂಗ್ರಹಿಸಿಟ್ಟಿರುತ್ತದಷ್ಟೆ. ಆ ಪ್ರತಿಗಳಲ್ಲಿ ಕಂಡ ವಿಳಾಸಗಳೂ ಹುಳುವಿಗೆ ಆಹಾರವಾದುವು. ಇದರ ಪರಿಣಾಮವನ್ನು ಯೋಚಿಸಬೇಕು: ಧಾರವಾಡದ ಲೇಖಕನೊಬ್ಬನು ತನ್ನ ವಿಳಾಸವನ್ನು ಪ್ರಕಟಿಸಿದ್ದನು, ಅದನ್ನು ಎಂದೋ ಒಮ್ಮೆ ನೋಡಿ ಮರೆತ, ಅವನಿಗೆ ಹೆಸರು ಕೂಡ ತಿಳಿಯದ, ದೂರದೇಶದ ಓದುಗನ ಗಣಕಕ್ಕೆ ಸೋಂಕು ತಗಲಿತು, ಆ ಗಣಕದಿಂದ ಹುಳುವು ಲೇಖಕನಿಗೆ ಬಂದುದಲ್ಲದೆ, ಲೇಖಕನ ಹೆಸರನ್ನೇ ಕಳುಹಿಸಿದವನ ಸ್ಥಾನದಲ್ಲಿ ಬರೆದುಕೊಂಡು ಇತರರಿಗೂ ಹೋಯಿತು, ಕಡೆಗೆ, ತಾನು ಕಳುಹಿಸದ ಪತ್ರಗಳ ಬಗ್ಗೆ ‘ನಿಮ್ಮ ಪತ್ರದಲ್ಲಿ ಹುಳುವಿದೆ’ ಎಂಬ ಎಚ್ಚರಿಕೆಗಳು ನಿರ್ದೋಷಿಯಾದ ಲೇಖಕನಿಗೆ ರಾಶಿಯಾಗಿ ಬಂದುವು. ಯಂತ್ರವನ್ನು ಎಷ್ಟೇ ಶುದ್ಧವಾಗಿಟ್ಟುಕೊಂಡವನೂ ಅಪರಿಚಿತರ ಅಶುದ್ಧಿಗೆ ಹೊಣೆಯಾಗಬೇಕಾದ ವಿಪರೀತವಿದು.

ಇದೇ ಸಂದರ್ಭದಲ್ಲಿ ನಮ್ಮವರ ಒಂದು ಅಭ್ಯಾಸವನ್ನು ಹೇಳಬೇಕಾಗಿದೆ. ಊರೂರಿನ ಸಂಘಗಳೂ, ಹೊರನಾಡುಗಳ ಕನ್ನಡ ಕೂಟಗಳೂ, ಹಳೆಯ ವಿದ್ಯಾರ್ಥಿಗಳ ಬಳಗಗಳೂ ರಾಜ್ಯೋತ್ಸವದ ಆಹ್ವಾನವನ್ನು ಕಳುಹಿಸುವಾಗ ಮುನ್ನೂರು ವಿಳಾಸಗಳನ್ನು ‘ಟು’ ಎಂಬ ಸಾಲಿನಲ್ಲಿ ಎಲ್ಲರಿಗೂ ಕಾಣುವಂತೆ ತುಂಬುವುದುಂಟು. ಆಮೇಲೆ ಅದಕ್ಕೆ “ಅಭಿನಂದನೆಗಳು” ಎಂದು ಎಲ್ಲರಿಗೂ ಮಾರುತ್ತರ ಕೊಡುವ ಉತ್ಸಾಹಿಗಳಿಗೂ ಕೊರತೆಯಿಲ್ಲ. ಪಟ್ಟಿಯ ಮುನ್ನೂರು ಪ್ರತಿಗಳು ಮುನ್ನೂರು ಗಣಕಗಳಲ್ಲಿ ಉಳಿಯುವುವು. ಅವುಗಳಲ್ಲಿ ಒಂದು ಸೋಂಕಿದರೂ ಎಲ್ಲರ ವಿಳಾಸವೂ ಹೋಯಿತು. ‘ಬಿ.ಸಿ.ಸಿ.’ ಎಂಬ ಸಾಲಿನಲ್ಲಿ ವಿಳಾಸಗಳನ್ನು ಬರೆದರೆ ಒಬ್ಬರದು ಮತ್ತೊಬ್ಬರಿಗೆ ಕಾಣುವುದಿಲ್ಲ. ಇದಕ್ಕಿಂತ ಅಗ್ಗವಾದ ರಕ್ಷಣೋಪಾಯ ಇನ್ನೊಂದಿಲ್ಲ. ಇದರಷ್ಟು ಅಲಕ್ಷ್ಯಕ್ಕೆ ಗುರಿಯಾದುದೂ ಇನ್ನೊಂದಿಲ್ಲ.

ಸೋಸುವ ವಿದ್ಯೆಯ ಪ್ರಗತಿಯನ್ನು ಇಲ್ಲಿ ವಿಸ್ತರಿಸುವುದಿಲ್ಲ. 2002ರಲ್ಲಿ ಪಾಲ್ ಗ್ರಹಾಂ ಎಂಬವರು, ಪತ್ರದ ಪದಗಳ ಸಂಭಾವ್ಯತೆಯನ್ನು ಗುಣಿಸಿ ರದ್ದಿಯನ್ನು ಗುರುತಿಸುವ ಕ್ರಮವನ್ನು ಪ್ರಚಾರಕ್ಕೆ ತಂದರು. 2004ರ ಜನವರಿಯಲ್ಲಿ ದಾವೋಸಿನಲ್ಲಿ ಬಿಲ್ ಗೇಟ್ಸರು ಇನ್ನೆರಡು ವರ್ಷಗಳಲ್ಲಿ ಈ ಸಮಸ್ಯೆ ಪರಿಹಾರವಾಗುವುದೆಂದು ಭವಿಷ್ಯ ನುಡಿದರು, ಅದು ನಡೆಯಲಿಲ್ಲ. 2008ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯದ ಮಕೋಲೊ ಎಂಬ ಒಂದೇ ಸಂಸ್ಥೆಯ ಸಂಪರ್ಕವನ್ನು ಕಡಿದಾಗ ಪ್ರಪಂಚದ ರದ್ದಿ ಅಂಚೆಯೇ ಅರ್ಧಕ್ಕಿಂತ ಕೆಳಗಿಳಿದು, ಕೆಲವು ತಿಂಗಳಲ್ಲಿ ಮತ್ತೆ ಏರಿತು. ಕಳುಹಿಸಿದವನ ನಿಜತ್ವವನ್ನು ಪರೀಕ್ಷಿಸುವ ಎಸ್.ಪಿ.ಎಫ್., ಡಿ.ಕಿಮ್, ಡಿಮಾರ್ಕ್ ಎಂಬ ವ್ಯವಸ್ಥೆಗಳು ಕ್ರಮೇಣ ಬಂದುವು. 2024ರ ಫೆಬ್ರವರಿಯಿಂದ ಗೂಗಲ್ ಸಂಸ್ಥೆಯು ದಿನಕ್ಕೆ 5000ಕ್ಕಿಂತ ಹೆಚ್ಚು ಪತ್ರ ಕಳುಹಿಸುವವರಿಗೆ ಇವನ್ನು ಕಡ್ಡಾಯಮಾಡಿದೆ. ಇದರ ಫಲವಾಗಿ ಬೆತ್ತಲೆ ವಿಳಾಸದ ಅಪಾಯ ಇಪ್ಪತ್ತು ವರ್ಷಗಳ ಹಿಂದಿದ್ದಷ್ಟು ಇಲ್ಲವೆಂಬುದು ನಿಜ. ಸಂಪಾದಕರ ಸ್ವೀಕೃತಿಪತ್ರ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಮುಚ್ಚಿಹೋಗಿ ತಿಂಗಳಾದಮೇಲೆ ಸಿಕ್ಕಿತೆಂಬ ದೂರೂ ಅಷ್ಟೇ ನಿಜ.

ಆದರೆ ಪ್ರಶ್ನೆಯ ನೆಲೆ ಸರಿದಿದೆಯೆಂದು ನಾನು ಮೊದಲಲ್ಲಿ ಹೇಳಿದುದು ಸೋಸುವ ಜರಡಿಯ ಕಾರಣದಿಂದಲ್ಲ. ಇಂದು ವಿಳಾಸವು ಸೋರುವುದು ನಾವು ಬರೆದಿಟ್ಟ ಪುಟದಿಂದಲ್ಲ, ನಾವು ನಂಬಿ ಒಪ್ಪಿಸಿದ ಭಂಡಾರಗಳಿಂದ. 2013ರಲ್ಲಿ ಯಾಹೂ ಸಂಸ್ಥೆಯ 300 ಕೋಟಿ ಖಾತೆಗಳ ವಿವರ ಕಳುವಾಯಿತು. 2017ರಲ್ಲಿ ರದ್ದಿ ಅಂಚೆ ಕಳುಹಿಸುವ ಒಂದು ಯಂತ್ರದೊಳಗೆ 71 ಕೋಟಿ ವಿಳಾಸಗಳ ಪಟ್ಟಿ ಕಂಡುಬಂದಿತು. ವಿಳಾಸವನ್ನು ಎಂದೂ ಎಲ್ಲಿಯೂ ಪ್ರಕಟಿಸದ ಗೃಹಸ್ಥನೂ ರೈಲಿನ ಟಿಕೆಟ್ಟಿಗೆ, ಸೀರೆಯಂಗಡಿಯ ರಿಯಾಯಿತಿಗೆ, ಆಸ್ಪತ್ರೆಯ ನೋಂದಣಿಗೆ ಅದನ್ನು ಕೊಟ್ಟಿರುತ್ತಾನೆ. 2014ರಿಂದ ಹಾವಳಿ ಮಾಡಿದ ಎಮೊಟೆಟ್ ಎಂಬ ದುಷ್ಟ ತಂತ್ರಾಂಶವಂತೂ ವಿಳಾಸವನ್ನು ಮಾತ್ರವಲ್ಲದೆ ಪತ್ರವ್ಯವಹಾರವನ್ನೇ ಕದ್ದು, ನಿಜವಾದ ಹಳೆಯ ಪತ್ರಕ್ಕೆ ಉತ್ತರವೆಂಬಂತೆ ತನ್ನ ವಿಷವನ್ನು ಕಳುಹಿಸುತ್ತಿತ್ತು. ಇಂಥದರ ಮುಂದೆ ‘ಅಟ್’, ‘ಡಾಟ್’ಗಳ ಮುಸುಕು ಏನು ಮಾಡೀತು?

ಕಾನೂನಿನ ಆಶ್ರಯ ಕೇಳುವವರಿಗೆ ನಮ್ಮ ದೇಶದಲ್ಲಿ ದೊರೆಯುವುದು ಸ್ವಲ್ಪ. ಅಮೆರಿಕದಲ್ಲಿ 2004ರ ಜನವರಿ 1ರಿಂದ ಜಾರಿಯಲ್ಲಿರುವ ಕ್ಯಾನ್-ಸ್ಪ್ಯಾಮ್ ಶಾಸನವು ವಿಳಾಸಗಳನ್ನು ಯಂತ್ರದಿಂದ ಕೊಯ್ದು ಬಳಸುವುದನ್ನು ಅಪರಾಧದ ತೀವ್ರತೆಯನ್ನು ಹೆಚ್ಚಿಸುವ ಅಂಶವೆಂದು ಪರಿಗಣಿಸುತ್ತದೆ. ನಮ್ಮಲ್ಲಿ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಪ್ರಕರಣದ ಒಂದು ಉಪವಾಕ್ಯವು, ಕಿರುಕುಳ ಕೊಡುವುದಕ್ಕಾಗಿ ಅಥವಾ ಮೂಲವನ್ನು ಮರೆಸಿ ಮೋಸಗೊಳಿಸುವುದಕ್ಕಾಗಿ ಕಳುಹಿಸುವ ಮಿಂಚಂಚೆಯನ್ನು ಹೆಸರಿಸಿತ್ತು. ವಾಕ್‌ಸ್ವಾತಂತ್ರ್ಯಕ್ಕೆ ಭಂಗಕರವಾದ ಆ ಪ್ರಕರಣವನ್ನು ಸರ್ವೋಚ್ಚ ನ್ಯಾಯಾಲಯವು 2015ರ ಮಾರ್ಚ್ 24ರಂದು ರದ್ದುಗೊಳಿಸಿದಾಗ, ಅದು ಸರ್ವಥಾ ಯೋಗ್ಯವಾದ ತೀರ್ಪೇ ಆಗಿದ್ದರೂ, ಈ ಚಿಕ್ಕ ಆಸರೆಯೂ ಜೊತೆಯಲ್ಲಿ ಹೋಯಿತು. ದೂರಸಂಪರ್ಕವನ್ನು ನಿಯಂತ್ರಿಸುವ ಟ್ರಾಯ್ ಪ್ರಾಧಿಕಾರದ ನಿರ್ಬಂಧಗಳು ದೂರವಾಣಿಯ ಕರೆಗಳಿಗೂ ಎಸ್ಸೆಮ್ಮೆಸ್ಸಿಗೂ ಅನ್ವಯಿಸುತ್ತವೆ, ಮಿಂಚಂಚೆಗಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಭಂಡಾರಗಳನ್ನು ಇಟ್ಟುಕೊಂಡವರಿಗೆ ಹೊಣೆ ಹೊರಿಸಿದೆಯಾದರೂ, ವ್ಯಕ್ತಿಯು ತಾನಾಗಿಯೇ ಸಾರ್ವಜನಿಕಗೊಳಿಸಿದ ಮಾಹಿತಿಗೆ ತಾನು ಅನ್ವಯಿಸುವುದಿಲ್ಲವೆಂದು ತನ್ನ ಮೂರನೆಯ ಪ್ರಕರಣದಲ್ಲಿಯೇ ಹೇಳಿಬಿಟ್ಟಿದೆ. ಲೇಖನದಡಿಯಲ್ಲಿ ತಾನೇ ವಿಳಾಸ ಬರೆದವನು ಆ ಕಾಯಿದೆಯ ಆವರಣದ ಹೊರಗೆ ನಿಂತಂತಾಯಿತು.

ಉಳಿದಿರುವ ಮಾರ್ಗವು ಒಂದೇ ವಿಳಾಸವನ್ನು ಎಲ್ಲಕ್ಕೂ ಬಳಸುವ ರೂಢಿಯನ್ನು ಬಿಡುವುದು. ಪ್ರಕಟಣೆಗೆ ಒಂದು, ಅಂಗಡಿ ಮುಂಗಟ್ಟುಗಳಿಗೆ ಒಂದು, ಬ್ಯಾಂಕಿಗೂ ಆಪ್ತರಿಗೂ ಬೇರೊಂದು ಎಂದು ವಿಳಾಸಗಳನ್ನು ವಿಂಗಡಿಸಿಕೊಂಡರೆ ಒಂದರ ಹಾನಿ ಇನ್ನೊಂದಕ್ಕೆ ತಗಲುವುದಿಲ್ಲ. ಜಿಮೇಲಿನಂಥ ಸೇವೆಗಳಲ್ಲಿ ಹೆಸರಿನ ನಂತರ ಕೂಡುವ ಚಿಹ್ನೆಯನ್ನೂ ಒಂದು ಪದವನ್ನೂ ಸೇರಿಸಿ ಬೇರೆ ಬೇರೆ ರೂಪಗಳನ್ನು ಕೊಡಬಹುದು. ಸೇರಿಸಿದುದನ್ನು ಯಾರು ಬೇಕಾದರೂ ಕಿತ್ತುಹಾಕಬಹುದಾದುದರಿಂದ ಅದು ದುರ್ಬಲವಾದ ಉಪಾಯ. ಆಪಲ್, ಫೈರ್‌ಫಾಕ್ಸ್, ಡಕ್‌ಡಕ್‌ಗೋ ಮೊದಲಾದವರು ಒದಗಿಸುವ ಮರೆವಿಳಾಸಗಳು ಅದಕ್ಕಿಂತ ಮೇಲು: ಒಬ್ಬೊಬ್ಬರಿಗೆ ಒಂದೊಂದು ಹೊಸ ವಿಳಾಸವನ್ನು ಕೊಟ್ಟು, ಪತ್ರಗಳನ್ನು ನಿಜವಾದ ಪೆಟ್ಟಿಗೆಗೆ ತಲಪಿಸಿ, ಕಾಟ ಆರಂಭವಾದೊಡನೆ ಅದನ್ನು ಮಾತ್ರ ಮುಚ್ಚಿಬಿಡಬಹುದು, ಯಾವ ಅಂಗಡಿಯಿಂದ ಸೋರಿತೆಂಬುದೂ ಅದರಿಂದಲೇ ತಿಳಿಯುತ್ತದೆ. 2004ರಲ್ಲಿ ಆರಂಭವಾದ ಪ್ರಾಜೆಕ್ಟ್ ಹನಿ ಪಾಟ್ ಎಂಬ ಯೋಜನೆಯು ಇದೇ ತತ್ತ್ವವನ್ನು ಬೃಹತ್ಪ್ರಮಾಣದಲ್ಲಿ ಪ್ರಯೋಗಿಸಿತು: ಪುಟಕ್ಕೆ ಬಂದ ಪ್ರತಿಯೊಂದು ಹಾರ್ವೆಸ್ಟರಿಗೂ ಇನ್ನಾರಿಗೂ ತೋರಿಸದ ಒಂದು ವಿಳಾಸವನ್ನು ತೋರಿಸಿ, ಬಂದವನ ಗುರುತನ್ನೂ ಬಂದ ಕ್ಷಣವನ್ನೂ ದಾಖಲಿಸಿಕೊಂಡು, ಮುಂದೆ ಆ ವಿಳಾಸಕ್ಕೆ ಪತ್ರ ಬಂದಾಗ ಕೊಯ್ದವನು ಯಾರೆಂದು ಹೇಳುತ್ತಿತ್ತು.

ಈಗಾಗಲೇ ಹತ್ತಾರು ವರ್ಷಗಳಿಂದ ತೆರೆದು ಬಿದ್ದಿರುವ ಹಳೆಯ ವಿಳಾಸವನ್ನು ಏನು ಮಾಡುವುದೆಂದು ಕೇಳುವವರು ಹಲವರು. ಅದನ್ನು ಪುಟಗಳಿಂದ ಅಳಿಸಿದರೆ ಹಾವಳಿ ತಗ್ಗುವುದೆಂದು ಮೇಲೆ ಹೆಸರಿಸಿದ 2003ರ ವರದಿಯೇ ಹೇಳಿದೆ. ಪೂರ್ತಿಯಾಗಿ ನಿಲ್ಲುವುದಿಲ್ಲ, ಏಕೆಂದರೆ ಪಟ್ಟಿಗಳು ಕೈಯಿಂದ ಕೈಗೆ ಮಾರಾಟವಾಗಿರುತ್ತವೆ. ಆ ವಿಳಾಸವನ್ನು ಕೊಲ್ಲುವುದಕ್ಕಿಂತ, ಓದುಗರೂ ಹಳೆಯ ಗೆಳೆಯರೂ ಅದನ್ನೇ ಬಲ್ಲವರಾದುದರಿಂದ, ಸಾರ್ವಜನಿಕ ಬಾಗಿಲಾಗಿ ಹಾಗೆಯೇ ಉಳಿಸಿಕೊಂಡು, ಯಾರೂ ಅರಿಯದ ಹೊಸದೊಂದನ್ನು ಮಾಡಿಸಿ, ಬ್ಯಾಂಕು, ತೆರಿಗೆ ಇಲಾಖೆ, ಭವಿಷ್ಯನಿಧಿ, ವಿಮೆ, ಇವುಗಳ ದಾಖಲೆಗಳಲ್ಲಿ ಒಂದೊಂದಾಗಿ ಹೊಸದನ್ನು ನಮೂದಿಸಿಕೊಳ್ಳುತ್ತಾ ಹೋಗುವುದು ಮೇಲು. ಒಂದು ಭಾನುವಾರದಲ್ಲಿ ಮುಗಿಯುವ ಕೆಲಸವಲ್ಲ. ಪ್ರತಿಯೊಂದು ಕಡೆಯೂ ಒ.ಟಿ.ಪಿ. ಹಳೆಯ ವಿಳಾಸಕ್ಕೇ ಬರುತ್ತದೆ.